ಬಸುರಿ ಇದ್ದಾಗ ತಗೊಂಡ ಏರ್ ಪ್ಯೂರಿಫೈಯರ್, ದಾವಣಗೆರೆ ಮನೇಲಿ ಎಂಟು ತಿಂಗಳು ಓಡಿಸಿದ ಮೇಲೆ ಬರೀತಿರೋ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಕಂಪನಿ ಹೆಸರು ಹಾಕಲ್ಲ. ಮುಂದೆ ಅವರ ಸರ್ವೀಸ್ ಬಗ್ಗೆ ಸ್ವಲ್ಪ ಬೈಯೋದಿದೆ, ಅದೂ ಅಲ್ದೆ ಹತ್ತು ಹನ್ನೆರಡು ಸಾವಿರದ ಈ ಮಷಿನ್‌ಗಳನ್ನ ಬಿಚ್ಚಿ ನೋಡಿದ್ರೆ ಒಳಗಿರೋದು ಒಂದು ಫ್ಯಾನು, ಒಂದು ಫಿಲ್ಟರ್, ಒಂದು ಸೆನ್ಸರ್, ಅಷ್ಟೇ. ಹಂಗಾಗಿ ನೀವು ಯಾವ್ದು ತಗೊಂಡ್ರೂ ನಾನು ಬರೆಯೋದು ಮುಕ್ಕಾಲು ಪಾಲು ಅದಕ್ಕೂ ಹೊಂದುತ್ತೆ.

ನಮ್ಮ ತವರು ದಾವಣಗೆರೆ. ಮಂಡಕ್ಕಿ ಭಟ್ಟಿ ಕಡೆಯಿಂದ ಗಾಳಿ ಬೀಸಿದ್ರೆ ಸೀದಾ ನಮ್ಮ ಹಿತ್ಲಿಗೇ ಬರೋವಷ್ಟು ಹತ್ರ ಮನೆ. ಕಳೆದ ನವೆಂಬರ್‌ನಲ್ಲಿ ಕುಬಸ ಮಾಡಿ ಬೆಂಗಳೂರಿಂದ ಕರ್ಕೊಂಡು ಬಂದ್ರು, ಏಳು ತುಂಬಿತ್ತು. ನಾನು ಹುಟ್ಟಿ ಬೆಳೆದದ್ದೇ ಈ ಹೊಗೇಲಿ, ಚಿಕ್ಕೋಳಿದ್ದಾಗ ಗೊತ್ತೇ ಆಗ್ತಿರ್ಲಿಲ್ಲ, ಮದುವೆ ಆಗಿ ಆರು ವರ್ಷ ಹೊರಗಿದ್ದು ಬಂದ ಮೇಲೆ ಮೂಗಿಗೆ ಹೊಡೀತು ನೋಡಿ. ಬಂದ ಮಾರನೇ ದಿನ ಬೆಳಗ್ಗೆ ಮಾಳಿಗೆ ಮೇಲೆ ಅಪ್ಪನ ಬಿಳಿ ಪಂಚೆ ಒಣಹಾಕಿದ್ರು, ಅದರ ಮೇಲೆ ಎಳ್ಳಿನ ಗಾತ್ರದ ಕರೀ ಮಸಿ ಚೂರುಗಳು, ಬೆರಳಲ್ಲಿ ಒರೆಸಿದ್ರೆ ಎಣ್ಣೆ ಥರ ಉದ್ದಕ್ಕೆ ಗೀಟು ಎಳ್ಕೊಂಡು ಹೋಯ್ತು. ಅಮ್ಮ "ಕೊಡವಬೇಕು ಅದನ್ನ, ಒರೆಸಬಾರ್ದು" ಅಂದ್ಲು, ಅಂದ್ರೆ ಈ ಮನೇಲಿ ಅದಕ್ಕೊಂದು ಟೆಕ್ನಿಕ್ಕೇ ಇದೆ.

ಮಂಡಕ್ಕಿ ಮಿರ್ಚಿ ತಿನ್ನೋವಾಗ ಯಾರಿಗೂ ಇದು ನೆನಪಾಗಲ್ಲ, ನನಗೂ ಆಗಲ್ಲ, ಸಂಜೆ ಆದ್ರೆ ನನಗೂ ಬೇಕು. ಆದ್ರೆ ಉಪ್ಪುನೀರು ಹಾಕಿದ ಅಕ್ಕೀನ ಕಾದ ಮರಳಲ್ಲಿ ಹುರಿದು ಅರಳಿಸಬೇಕಂದ್ರೆ ಬೆಂಕಿ ಒಂದೇ ಸಮ ಉರೀತಿರಬೇಕು. ಅದಕ್ಕೆ ಭತ್ತದ ಹೊಟ್ಟು, ಕಟ್ಟಿಗೆ ಹಾಕ್ತಾರೆ, ಕೆಲವು ಕಡೆ ಹಳೇ ಟೈರು ಹಾಕ್ತಾರೆ ಅನ್ನೋದು ಊರಿಗೆಲ್ಲಾ ಗೊತ್ತಿರೋ ಹಳೇ ದೂರು. ಅದರ ಜೊತೆ ರೈಸ್ ಮಿಲ್ಲು, ಪಿಬಿ ರೋಡಿನ ಲಾರಿ ಬಸ್ಸು, ಮುಗಿಯೋದೇ ಇಲ್ಲದ ರಸ್ತೆ ಅಗೆತದ ಧೂಳು, ಭತ್ತ ಕೊಯ್ದ ಮೇಲೆ ಸುತ್ತಲಿನ ಗದ್ದೆಗಳಲ್ಲಿ ಹುಲ್ಲಿಗೆ ಇಡೋ ಬೆಂಕಿ. ಕೇಂದ್ರ ಸರ್ಕಾರ 2019ರಲ್ಲಿ ಗಾಳಿ ಕೆಟ್ಟಿರೋ ಊರುಗಳಿಗೆ ಅಂತ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡ್ತಲ್ಲ, ಅದರಲ್ಲಿ ಕರ್ನಾಟಕದ್ದು ನಾಲ್ಕೇ ಊರು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಆಮೇಲೆ ನಮ್ಮ ದಾವಣಗೆರೆ. ಬೆಣ್ಣೆ ದೋಸೆಗೆ ಹೆಸರಾದ ಊರು ಈ ಲಿಸ್ಟಲ್ಲೂ ಇದೆ ಅಂತ ತುಂಬಾ ಜನಕ್ಕೆ ಗೊತ್ತಿಲ್ಲ.

ಚೆಕಪ್‌ಗೆ ಹೋದಾಗ ಸ್ಕ್ಯಾನ್ ನೋಡಿ ಡಾಕ್ಟರ್ ಮೇಡಂ "ಮಗು ಸ್ವಲ್ಪ ಸಣ್ಣ ಇದೆಯಮ್ಮ, ಗಾಬರಿ ಏನಿಲ್ಲ, ತೂಕ ನೋಡ್ಕೊಳ್ಳೋಣ" ಅಂದ್ರು. ಹಿಮೋಗ್ಲೋಬಿನ್ ಒಂಬತ್ತೂವರೆ ಇತ್ತು ನಂದು. ನಾನು ಹೊಗೆ ಬಗ್ಗೆ ಕೇಳ್ದೆ. ಅವರು ಅದನ್ನ ತಳ್ಳಿಹಾಕ್ಲಿಲ್ಲ, ಆದ್ರೆ ಮೊದಲು ಕಬ್ಬಿಣದ ಮಾತ್ರೆ ಒಂದು ದಿನಾನೂ ಬಿಡಬೇಡ, ಊಟ ಸರಿಯಾಗಿ ಮಾಡು, ಮನೇಲಿ ಯಾರಾದ್ರೂ ಬೀಡಿ ಸಿಗರೇಟು ಸೇದಿದ್ರೆ ಹೊರಗೆ ಕಳ್ಸು, ಆಮೇಲೆ ಊರಿನ ಹೊಗೆ ಅಂದ್ರು. ಆ ಸಾಲಿನ ಕ್ರಮ ನನಗೆ ಆವತ್ತು ಇಷ್ಟ ಆಗ್ಲಿಲ್ಲ, ಈಗ ಸರಿ ಅನ್ಸುತ್ತೆ.

ಮನೆಯವ್ರು ಬೆಂಗಳೂರಿಂದಾನೇ ಆನ್‌ಲೈನ್‌ನಲ್ಲಿ ಮಷಿನ್ ಬುಕ್ ಮಾಡಿದ್ರು, ಹನ್ನೊಂದೂವರೆ ಸಾವಿರ. ಮೂರನೇ ದಿನಕ್ಕೆ ಬಂತು. ತಮ್ಮ ಪ್ಲಗ್ ಹಾಕಿ ಆನ್ ಮಾಡ್ದ, ಗುಯ್ ಅಂತ ಶುರುವಾಯ್ತು, ಗಾಳಿ ಎಷ್ಟು ಕೊಳಕು ಅಂತ ಹೇಳೋ ನಂಬರ್ 96 ತೋರಿಸ್ತು, ಎಲ್ರೂ ಟಿವಿ ನೋಡೋ ಥರ ಸುತ್ತ ಕೂತ್ವಿ. ಒಂದು ಗಂಟೆ ಆದ್ಮೇಲೆ 94. ರಾತ್ರಿ 101. ನಾಲ್ಕು ದಿನ ಹಿಂಗೇ ನಡೀತು. ಅಪ್ಪ ದಿನಾ ಬಾಗಿಲಲ್ಲಿ ನಿಂತು ಹನ್ನೊಂದೂವರೆ ಸಾವಿರಕ್ಕೆ ಎಷ್ಟು ಟೇಬಲ್ ಫ್ಯಾನ್ ಬರ್ತಿದ್ವು ಅಂತ ಲೆಕ್ಕ ಹಾಕೋರು. ಐದನೇ ದಿನ ಸಿಟ್ಟಿಗೆದ್ದು ಹಿಂದಿನ ಮುಚ್ಚಳ ತೆಗೆದ್ರೆ ಫಿಲ್ಟರ್ ಇನ್ನೂ ಪ್ಲಾಸ್ಟಿಕ್ ಕವರ್ ಒಳಗೇ ಇದೆ! ಅದನ್ನ ಬಿಚ್ಚಿ ಹಾಕಬೇಕು ಅಂತ ಒಂದು ಸಣ್ಣ ಚೀಟಿ ಇತ್ತಂತೆ, ಅದು ಥರ್ಮೊಕೋಲ್ ಜೊತೆ ಕಸಕ್ಕೆ ಹೋಗಿತ್ತು. ನಗಬೇಡಿ, ನೀವು ಹೊಸದಾಗಿ ತಗೊಂಡಿದ್ರೆ ಈಗ್ಲೇ ಎದ್ದು ಹೋಗಿ ನೋಡಿ. ಕವರ್ ತೆಗೆದು ಕಿಟಕಿ ಬಾಗಿಲು ಹಾಕಿ ಮತ್ತೆ ಓಡಿಸಿದ್ವಿ, 40 ನಿಮಿಷಕ್ಕೆ 98 ಇದ್ದದ್ದು 19ಕ್ಕೆ ಬಂತು. ಅಪ್ಪ ಸುಮ್ನಾದ್ರು.

ಈ ನಂಬರ್ ಬಗ್ಗೆ ಒಂದು ಮಾತು, ಇದರಲ್ಲಿ ಎಲ್ರೂ ಕನ್‌ಫ್ಯೂಸ್ ಆಗ್ತಾರೆ. ಮಷಿನ್ ಮೇಲೆ ಬರೋದು ಪಿಎಂ 2.5, ಅಂದ್ರೆ ಒಂದು ಘನ ಮೀಟರ್ ಗಾಳೀಲಿ ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣ ಎಷ್ಟು ಮೈಕ್ರೋಗ್ರಾಂ ಇದೆ ಅಂತ. ಫೋನಲ್ಲಿ ಬರೋದು ಎಕ್ಯುಐ, ಅಂದ್ರೆ ಗಾಳಿ ಗುಣಮಟ್ಟದ ಸೂಚ್ಯಂಕ, ಅದು ಬೇರೆ ಅಳತೆ. ನಮ್ಮ ದೇಶದ ಲೆಕ್ಕದಲ್ಲಿ ಪಿಎಂ 2.5 60 ಇದ್ರೆ ಎಕ್ಯುಐ 100 ಆಗುತ್ತೆ. ಆ 60 ಅನ್ನೋದೇ ನಮ್ಮಲ್ಲಿ ಒಂದು ದಿನದ ಸರಾಸರಿಗೆ ಇರೋ ಮಿತಿ, ವರ್ಷದ ಸರಾಸರಿಗೆ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ದಿನಕ್ಕೆ 15, ವರ್ಷಕ್ಕೆ 5. ಐದು! ನಮ್ಮ ರೂಮಲ್ಲಿ ಮಷಿನ್ ಫುಲ್ ಸ್ಪೀಡಲ್ಲಿ ಓಡಿದ್ರೂ ಐದು ನಾನು ಕಂಡಿಲ್ಲ, ಮಳೆ ಬಂದ ರಾತ್ರಿ ಒಂದ್ಸಲ 7 ನೋಡಿದೀನಿ. ಇನ್ನೊಂದು, ಒಳಗಿರೋ ಸೆನ್ಸರ್ ಬೆಳಕು ಬಿಟ್ಟು ಕಣ ಎಣಿಸೋ ಅಗ್ಗದ್ದು, ಅದಕ್ಕೆ ನೀರಿನ ಹಬೆಗೂ ಹೊಗೆಗೂ ಪೂರ್ತಿ ವ್ಯತ್ಯಾಸ ಗೊತ್ತಾಗಲ್ಲ, ಪಕ್ಕದ ಬಚ್ಚಲಿಂದ ಬಿಸಿ ಹಬೆ ಬಂದ್ರೂ ಮೇಲೆ ಹೋಗುತ್ತೆ. ನಂಬರ್‌ನ ಡಾಕ್ಟರ್ ರಿಪೋರ್ಟ್ ಥರ ನಂಬಬೇಡಿ, ಏರ್ತಿದೆಯಾ ಇಳೀತಿದೆಯಾ ಅಷ್ಟು ನೋಡೋಕೆ ಸಾಕು.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನಾನು ಇದನ್ನ ತಗೊಂಡಿದ್ದು ಭಟ್ಟಿ ಹೊಗೆಗೆ ಅಂತ. ಡಿಸೆಂಬರ್ ಚಳೀಲಿ ಹೊಗೆ ಮೇಲಕ್ಕೆ ಏಳಲ್ಲ, ಬೆಳಗಿನ ಜಾವ ಓಣಿ ತುಂಬಾ ಮಲ್ಕೊಂಡಿರುತ್ತೆ, ಆವಾಗ ಕಿಟಕಿ ತೆಗೆದ್ರೆ 120, 140 ಹಿಂಗೆ ತೋರಿಸ್ತಿತ್ತು. ಆದ್ರೆ ಎರಡನೇ ವಾರ ಒಂದು ದಿನ ಬೆಳಗ್ಗೆ ಆರೂವರೆಗೆ, ಕಿಟಕಿ ಎಲ್ಲಾ ಹಾಕಿದ್ರೂ ಮಷಿನ್ ಇದ್ದಕ್ಕಿದ್ದಂಗೆ ಕೆಂಪು ಲೈಟ್ ಹಾಕ್ಕೊಂಡು ಕೂಗೋಕೆ ಶುರು ಮಾಡ್ತು, 380. ಮೂರು ನೂರಾ ಎಂಬತ್ತು! ಹೊರಗೆ ಭಟ್ಟಿ ಕಡೆ ನೋಡಿದ್ರೆ ಆವತ್ತು ಗಾಳಿ ಆಕಡೆಗೇ ಬೀಸ್ತಿತ್ತು. ಹುಡುಕ್ಕೊಂಡು ಹೋದ್ರೆ ಅಜ್ಜಿ ಬಚ್ಚಲ ಒಲೆ ಮುಂದೆ ಕೂತು ಹಂಡೆಗೆ ಉರಿ ಹಾಕ್ತಿದಾಳೆ, ತೆಂಗಿನ ಸಿಪ್ಪೆ, ಗರಿ, ಹಳೇ ಪೇಪರು, ಮೇಲೊಂದು ಹಾಲಿನ ಪ್ಯಾಕೆಟ್ಟು. ಯಾರಿಗಂದ್ರೆ ನನಗೇ. ಬಸುರಿ ಹೆಂಗಸು ಒಲೆ ನೀರಲ್ಲೇ ಸ್ನಾನ ಮಾಡಬೇಕು, ಗೀಸರ್ ನೀರು ಮೈಗೆ ಆಗಲ್ಲ ಅಂತ ಅವಳ ಹಟ, ನಾನೂ ಒಪ್ಕೊಂಡಿದ್ದೆ, ನಿಜ ಹೇಳಬೇಕಂದ್ರೆ ಹಂಡೆ ನೀರಿನ ಸುಖಾನೇ ಬೇರೆ. ಆ ಬಚ್ಚಲ ಗೋಡೆಗೂ ನನ್ನ ರೂಮಿಗೂ ನಡುವೆ ಒಂದು ವೆಂಟಿಲೇಟರ್ ಕಿಂಡಿ ಇತ್ತು.

ಆಮೇಲೆ ಮಷಿನ್‌ನ ಉದ್ದನೆ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕ್ಕೊಂಡು ತಮ್ಮ ಮನೆಯೆಲ್ಲಾ ಓಡಾಡಿಸಿದ, ಪೊಲೀಸ್ ನಾಯಿ ಕರ್ಕೊಂಡು ಹೋದಂಗೆ. ದೇವರ ಮನೇಲಿ ಎರಡು ಊದುಬತ್ತಿ ಹಚ್ಚಿದಾಗ 210. ಸೊಳ್ಳೆ ಬತ್ತಿ ಸುರುಳಿ ಮಂಚದ ಕೆಳಗೆ ಹಚ್ಚಿದ್ರೆ ಒಂದು ಗಂಟೆಗೆ 300 ದಾಟ್ತು, ಅದನ್ನ ನಾನು ಬಂದ ದಿನದಿಂದ ಪ್ರತಿ ರಾತ್ರಿ ತಲೆ ಹತ್ರಾನೇ ಹಚ್ಚಿಕೊಂಡು ಮಲಗಿದ್ದೆ. ಗ್ಯಾಸ್ ಒಲೇಲಿ ಅನ್ನ ಸಾರು ಮಾಡಿದ್ರೆ ಅಷ್ಟೇನಿಲ್ಲ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಅಡುಗೆಮನೇಲಿ 250. ಅಪ್ಪನ ಸಿಗರೇಟು ಮಾಳಿಗೆ ಮೇಲೆ ಸೇದಿ ಬಂದ್ರೂ ಅವರು ಪಕ್ಕ ಬಂದು ಕೂತಾಗ ಹತ್ತಿಪ್ಪತ್ತು ಏರೋದು. ಅಪ್ಪ ಅದನ್ನ ಕಣ್ಣಾರೆ ನೋಡಿದ್ಮೇಲೆ ಎರಡು ದಿನ ಮಷಿನ್ ಇರೋ ಕಡೆ ಬರೋದೇ ಬಿಟ್ರು, ಸಿಗರೇಟು ಬಿಡ್ಲಿಲ್ಲ.

ಅಜ್ಜಿ ಒಪ್ಪಿದ್ದು ಕಷ್ಟದಲ್ಲಿ. "ನಿಮ್ಮಪ್ಪ ಹೊಟ್ಟೇಲಿದ್ದಾಗ ಮೂರು ಹೊತ್ತು ಒಲೆ ಮುಂದನ ಕುಂತಿದ್ದೆ, ಗುಂಡುಕಲ್ಲಿನಂಗ ಹುಟ್ಟಿದ್ನಲ್ಲ" ಅಂದ್ಲು. ನಾನು ಏನೂ ಹೇಳ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ "ಅವನ ಹಿಂದಿನವು ಎರಡು ಅಂಗೈಯಷ್ಟ ಇದ್ವು" ಅಂದ್ಲು. ಅದಕ್ಕೆ ಒಲೇನೇ ಕಾರಣ ಅಂತ ಯಾರು ಹೇಳೋಕಾಗುತ್ತೆ, ಆ ಕಾಲದಲ್ಲಿ ಊಟ ಇರ್ಲಿಲ್ಲ, ಮಾತ್ರೆ ಇರ್ಲಿಲ್ಲ, ಹೊಲದ ಕೆಲ್ಸ ಹೆರಿಗೆ ಹಿಂದಿನ ದಿನದವರೆಗೂ ಇತ್ತು. ಆದ್ರೆ ಮಾರನೇ ದಿನದಿಂದ ಹಂಡೆ ಒಲೆ ಹಚ್ಚಿದ್ದು ನಾನು ನೋಡ್ಲಿಲ್ಲ. ಗೀಸರ್ ಹಾಕಿಸೋಕೆ ಎಲೆಕ್ಟ್ರಿಷಿಯನ್ ಖರ್ಚೂ ಸೇರಿ ಆರು ಸಾವಿರ ಚಿಲ್ಲರೆ ಆಯ್ತು, ಸೊಳ್ಳೆ ಪರದೆ ನಾಲ್ಕು ನೂರು. ಆ ಕಿಂಡಿಗೆ ತಮ್ಮ ಒಂದು ರಟ್ಟು ಹೊಡೆದ, ಅದಕ್ಕೆ ದುಡ್ಡೇ ಇಲ್ಲ. ಈ ಮೂರು ಕೆಲಸಕ್ಕೆ ಆದ ಫರಕ್ಕು ಹನ್ನೊಂದೂವರೆ ಸಾವಿರದ ಮಷಿನ್ ಮಾಡಿದ್ದಕ್ಕಿಂತ ಜಾಸ್ತಿ ಅಂತ ನನ್ನ ಲೆಕ್ಕ, ಆದ್ರೆ ಮಷಿನ್ ಬರದಿದ್ರೆ ಇವು ಮೂರೂ ಆಗ್ತಿರ್ಲಿಲ್ಲ, ಅದೂ ನಿಜ.

ತೂಕದ ವಿಷ್ಯ. ಹುಟ್ಟಿದಾಗ ಎರಡೂವರೆ ಕೆಜಿಗಿಂತ ಕಡಿಮೆ ಇದ್ರೆ ಕಡಿಮೆ ತೂಕದ ಮಗು ಅಂತಾರೆ, ದಿನ ತುಂಬಿರಲಿ ಬಿಡಲಿ. ಹೊಗೆಯ ಸಣ್ಣ ಕಣ ತಾಯಿ ಪುಪ್ಪುಸದಿಂದ ರಕ್ತಕ್ಕೆ ಇಳಿದು ಮೈಯಲ್ಲಿ ಉರಿಯೂತ ಎಬ್ಬಿಸುತ್ತೆ, ಮಾಸಿನ (ಪ್ಲಾಸೆಂಟಾ) ರಕ್ತನಾಳ ಸರಿಯಾಗಿ ಕೆಲ್ಸ ಮಾಡಲ್ಲ, ಸೌದೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ನ ಹಿಡ್ಕೊಂಡು ಆಕ್ಸಿಜನ್‌ಗೆ ಜಾಗ ಬಿಡಲ್ಲ, ನನ್ನಂಗೆ ಮೊದಲೇ ಒಂಬತ್ತೂವರೆ ಇರೋರಿಗೆ ಅದು ಇನ್ನೂ ಕಷ್ಟ. 2019ರಲ್ಲಿ ಬೆಲ್ಜಿಯಂನವರು ಮಾಸಿನಲ್ಲಿ ಮಗುವಿನ ಕಡೆ ಭಾಗದಲ್ಲೇ ಮಸಿ ಕಣ ಇರೋದನ್ನ ತೋರಿಸಿದ್ರು. ಅಪ್ಪನ ಪಂಚೆ ಮೇಲಿನ ಮಸಿ ನೆನಪಾಗಿ ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. (ಮೆಡಿಕಲ್ ಓದೋ ಚಿಕ್ಕಪ್ಪನ ಮಗಳು ಇದನ್ನೆಲ್ಲಾ ಕೂರಿಸಿ ಓದಿಸಿದ್ಲು, ಆಮೇಲೆ "ಅಕ್ಕ, ಬಸುರಿಯರಿಗೆ ಇದು ಓದಿಸಬಾರ್ದಿತ್ತು" ಅಂತ ಅವಳೇ ಸಾರಿ ಕೇಳಿದ್ಲು.)

ಮಷಿನ್ ಹಾಕಿದ್ರೆ ಮಗು ತೂಕ ಬರುತ್ತಾ? ಇದೇ ಪ್ರಶ್ನೇನ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ 540 ಬಸುರಿಯರ ಮೇಲೆ ಪರೀಕ್ಷೆ ಮಾಡಿದಾರೆ, ಅಲ್ಲಿ ಆವಾಗ ಚಳಿಗೆ ತುಂಬಾ ಮನೇಲಿ ಕಲ್ಲಿದ್ದಲು ಸುಡ್ತಿದ್ರು. ಅರ್ಧ ಜನಕ್ಕೆ ಸಣ್ಣ ಕಣ ಹಿಡಿಯೋ ಹೆಪಾ ಫಿಲ್ಟರ್ ಮಷಿನ್ ಕೊಟ್ರು, ಅರ್ಧ ಜನಕ್ಕೆ ಇಲ್ಲ. ಮನೆ ಒಳಗಿನ ಕಣ 29 ಪರ್ಸೆಂಟ್ ಕಮ್ಮಿ ಆಯ್ತು, ಒಟ್ಟು ಲೆಕ್ಕ ಹಾಕಿದ್ರೆ ತೂಕ ಬರೀ 18 ಗ್ರಾಂ ವ್ಯತ್ಯಾಸ, ಅದು ಇದೆ ಅಂತ ಗ್ಯಾರಂಟಿ ಹೇಳೋಕೂ ಆಗದಷ್ಟು. ದಿನ ತುಂಬಿ ಹುಟ್ಟಿದ ಮಕ್ಕಳನ್ನ ಮಾತ್ರ ನೋಡಿದ್ರೆ 85 ಗ್ರಾಂ ಜಾಸ್ತಿ. ಬೀಜಿಂಗ್‌ನಲ್ಲಿ 2008ರ ಒಲಿಂಪಿಕ್ಸ್‌ಗೆ ಅಂತ ಫ್ಯಾಕ್ಟರಿ, ಗಾಡಿ ಎಲ್ಲಾ ಹಿಡಿತಕ್ಕೆ ತಂದ್ರಲ್ಲ, ಆವಾಗ ಎಂಟನೇ ತಿಂಗಳಲ್ಲಿದ್ದ ತಾಯಂದಿರ ಮಕ್ಕಳು ಹಿಂದಿನ ಮುಂದಿನ ವರ್ಷದ ಅದೇ ದಿನಗಳ ಮಕ್ಕಳಿಗಿಂತ ಸರಾಸರಿ 23 ಗ್ರಾಂ ಹೆಚ್ಚಿದ್ವು. ನಾನೂ ಎಂಟಕ್ಕೆ ಕಾಲಿಡೋ ಹೊತ್ತಿಗೇ ಇಲ್ಲಿಗೆ ಬಂದಿದ್ದು, ಮಗು ಮೈ ತುಂಬ್ಕೊಳ್ಳೋದೇ ಕೊನೇ ಎರಡು ಮೂರು ತಿಂಗಳಲ್ಲಿ.

ಆದ್ರೆ ಇನ್ನೊಂದೂ ಹೇಳ್ಬೇಕು, ಇಲ್ಲಾಂದ್ರೆ ಅಂಗಡಿಯವನ ಥರ ಆಗುತ್ತೆ. ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾ ನಾಲ್ಕು ಕಡೆ 3200 ಬಸುರಿಯರ ಮೇಲೆ ದೊಡ್ಡ ಪರೀಕ್ಷೆ ಮಾಡಿ, ಅರ್ಧ ಜನಕ್ಕೆ ಸೌದೆ ಒಲೆ ಬಿಡಿಸಿ ಗ್ಯಾಸ್ ಒಲೆ ಸಿಲಿಂಡರ್ ಎಲ್ಲಾ ಫ್ರೀ ಕೊಟ್ರು. ತಾಯಿ ಉಸಿರಾಡೋ ಕಣ 70ರಿಂದ 24ಕ್ಕೆ ಇಳೀತು, ಅಷ್ಟು ಇಳಿದ್ರೂ ತೂಕದ ವ್ಯತ್ಯಾಸ ಇಪ್ಪತ್ತು ಗ್ರಾಂ ಅಷ್ಟೇ, ಅದೂ ಲೆಕ್ಕಕ್ಕೆ ಹಿಡಿಯೋ ಹಂಗಿಲ್ಲ. 2022ರಲ್ಲಿ ಬಂತು ಇದು. ಯಾಕೆ ಹಿಂಗಾಯ್ತು ಅಂದ್ರೆ, ಪ್ರಯೋಗ ಶುರುವಾಗೋ ಹೊತ್ತಿಗೆ ಬಸುರಿಗೆ ಮೂರು ನಾಲ್ಕು ತಿಂಗಳು ಕಳೆದಿದ್ವು ಅಂತ ಕೆಲವರು, ಊಟ ರಕ್ತಹೀನತೆ ಇದ್ದಂಗೇ ಇದ್ರೆ ಗಾಳಿ ಒಂದೇ ಏನು ಮಾಡುತ್ತೆ ಅಂತ ಕೆಲವರು. ನನ್ನ ಕೂಸು ಜನವರಿ ಕೊನೇಲಿ ಹುಟ್ತು, ಎರಡು ಕೆಜಿ ಏಳುನೂರ ನಲವತ್ತು. ಮಷಿನ್ ಬಾಕ್ಸ್ ಮೇಲೆ ತಾಯಿ ಮಗು ಫೋಟೋ ಹಾಕಿ ಮಾರ್ತಾರೆ, ಆ 740 ಗ್ರಾಮಲ್ಲಿ ಮಷಿನಿನ ಪಾಲೆಷ್ಟು, ಮಾತ್ರೆದೆಷ್ಟು, ಅಮ್ಮನ ರಾಗಿ ಮುದ್ದೆ ನುಗ್ಗೆಸೊಪ್ಪಿನ ಪಾಲೆಷ್ಟು ಅಂತ ಯಾವ ನಂಬರೂ ತೋರಿಸಲ್ಲ.

ಇನ್ನು ಮಷಿನಿನ ಬಗ್ಗೆ. ನಮ್ಮ ರೂಮು ಹತ್ತು ಹನ್ನೆರಡಡಿ, ಎತ್ತರ ಹತ್ತು, ಅಂದ್ರೆ ಸುಮಾರು 34 ಘನ ಮೀಟರ್. ಸಿಎಡಿಆರ್, ಅಂದ್ರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅನ್ನೋ ಲೆಕ್ಕ, 250 ಅಂತ ಬರೆದಿದಾರೆ, ಫುಲ್ ಸ್ಪೀಡಲ್ಲಿ ಗಂಟೆಗೆ ಏಳು ಸಲ ರೂಮಿನ ಗಾಳಿ ತೊಳೆಯುತ್ತೆ ಅಂತ ಆಯ್ತು. ಹಾಲ್‌ನಲ್ಲಿಟ್ರೆ ಉಪಯೋಗ ಇಲ್ಲ, ನಮ್ಮ ಹಾಲು ಅಡುಗೆಮನೆ ಎಲ್ಲಾ ಒಂದಕ್ಕೊಂದು ತೆರೆದಿದೆ. ಫುಲ್ ಸ್ಪೀಡಲ್ಲಿ ಸದ್ದು ಜಾಸ್ತಿ, ಮಲಗೋಕೆ ಆಗಲ್ಲ, ನಾವು ಮಲಗೋಕೆ ಒಂದು ಗಂಟೆ ಮುಂಚೆ ಜೋರಾಗಿ ಓಡಿಸಿ ಆಮೇಲೆ ಸ್ಲೀಪ್‌ಗೆ ಹಾಕ್ತೀವಿ. ಕರೆಂಟು 40 ವ್ಯಾಟ್, ಹನ್ನೆರಡು ಗಂಟೆ ಓಡಿದ್ರೂ ಅರ್ಧ ಯೂನಿಟ್ಟು, ಬಿಲ್ಲಲ್ಲಿ ಗೊತ್ತೇ ಆಗ್ಲಿಲ್ಲ. ಕರೆಂಟ್ ಹೋಗಿ ಬಂದ್ರೆ ತಾನೇ ಆನ್ ಆಗಲ್ಲ, ಇದು ದೊಡ್ಡ ಮೈನಸ್, ನಡುರಾತ್ರಿ ಯಾರಾದ್ರೂ ಏಳಬೇಕು. ಅಯಾನೈಸರ್ ಬಟನ್ ಇದ್ರೆ ಆಫ್ ಇಡಿ, ಕೆಲವು ಓಝೋನ್ ಬಿಡ್ತಾವೆ, ಅದು ಉಸಿರಿಗೆ ಒಳ್ಳೇದಲ್ಲ. ಕಣ ಹಿಡಿಯುತ್ತೆ ನಿಜ, ಟೈರ್ ವಾಸನೆ ಮಾತ್ರ ಹೋಗಲ್ಲ, ಒಳಗಿರೋ ಕಾರ್ಬನ್ ಪದರ ಪೇಪರಿನಷ್ಟು ತೆಳ್ಳಗಿದೆ, ಕಾರ್ಬನ್ ಮೊನಾಕ್ಸೈಡ್ ಅಂತೂ ಇದಕ್ಕೆ ಸಿಗೋದೇ ಇಲ್ಲ. ಅದಕ್ಕೇ ಹೇಳೋದು, ಒಳಗೆ ಕೆಂಡ ಇಟ್ಕೊಂಡು ಮಷಿನ್ ಆನ್ ಮಾಡಿದೀವಿ ಅಂತ ಧೈರ್ಯ ತಗೋಬೇಡಿ.

ಫಿಲ್ಟರ್ ವರ್ಷ ಬಾಳುತ್ತೆ ಅಂತ ಬರೆದಿತ್ತು. ಐದನೇ ತಿಂಗಳಿಗೆ ಬದಲಾಯಿಸು ಅಂತ ಲೈಟ್ ಬಂತು. ತೆಗೆದು ನೋಡಿದ್ರೆ ಹಾಲಿನಂಗೆ ಬೆಳ್ಳಗಿದ್ದದ್ದು ಹೆಂಚಿನ ತಳ ಆಗಿತ್ತು, ಮಡಿಕೆ ಮಡಿಕೆಯಲ್ಲೂ ಕರಿ. ಹೊಸದಕ್ಕೆ 2600, ಬರೋಕೆ ಹದಿನೆಂಟು ದಿನ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ "ಮೇಡಂ ನಿಮ್ಮ ಲೊಕೇಶನ್‌ಗೆ ಟೆಕ್ನಿಷಿಯನ್ ಇಲ್ಲ, ಬೆಂಗಳೂರಿಗೆ ತಂದು ಕೊಡಿ" ಅಂತ, ಬಾಣಂತಿ ಕೂಸು ಕಟ್ಕೊಂಡು ಮಷಿನ್ ಹೊತ್ಕೊಂಡು ಬಸ್ ಹತ್ತಬೇಕಂತೆ! ಫಿಲ್ಟರ್ ರೇಟು ಎಷ್ಟು, ಎಲ್ಲಿ ಸಿಗುತ್ತೆ ಅಂತ ನೋಡ್ಕೊಂಡೇ ಮಷಿನ್ ತಗೊಳ್ಳಿ, ಮಷಿನ್ ಅಗ್ಗ ಮಾಡಿ ಫಿಲ್ಟರಲ್ಲಿ ಕೀಳ್ತಾರೆ.

ನಮ್ಮನೆಗೆ ಪಾತ್ರೆ ತೊಳೆಯೋಕೆ ಬರೋಳ ಸೊಸೆ ಭಟ್ಟೀಲೇ ಕೆಲ್ಸ ಮಾಡ್ತಾಳೆ, ನನಗಿಂತ ಎರಡು ತಿಂಗಳು ಹಿಂದೆ ಇದ್ಲು, ಮಂಡಕ್ಕಿ ಜರಡಿ ಹಿಡಿಯೋ ಕೆಲ್ಸ. ಒಂದು ದಿನ ಅತ್ತೆ ಜೊತೆ ಬಂದವಳು ರೂಮಲ್ಲಿ ಮಷಿನ್ ನೋಡಿ "ಇದು ಏನು ಮಾಡ್ತದಕ್ಕ" ಅಂದ್ಲು, ನಾನು ಹೊಗೆ ಹೀರುತ್ತೆ ಅಂದೆ, ಅವಳು ಹತ್ರ ಬಂದು ನಿಂತ ಕೂಡ್ಲೇ ಅದು 20ರಿಂದ 60ಕ್ಕೆ ಹೋಯ್ತು, ಸೀರೆಯಲ್ಲಿದ್ದ ಬೂದಿಗೆ. ಅವಳು ನಕ್ಕು ಎರಡು ಹೆಜ್ಜೆ ಹಿಂದೆ ಸರಿದ್ಲು. ಏನು ಹೇಳಬೇಕು ಅಂತ ನನಗೆ ತಿಳೀಲಿಲ್ಲ, ಮಾತ್ರೆ ತಗೋತಿದೀಯಾ ಅಂತ ಕೇಳ್ದೆ. ಆಶಾ ಅಕ್ಕ ಕೊಟ್ಟಿದಾರೆ ಅಂದ್ಲು. ಅವಳದು ಮಾರ್ಚ್‌ನಲ್ಲಿ ಆಯ್ತು, ಹೆಣ್ಣು, ಎರಡು ಕೆಜಿ ಇನ್ನೂರು, ತಾಯಿ ಕಾರ್ಡಲ್ಲಿ ಕೆಂಪು ಪೆನ್ನಲ್ಲಿ ಬರೆದಿದಾರೆ ಅಂತ ಅತ್ತೆ ಹೇಳಿದ್ಲು. ಹೋಲಿಸೋಕೆ ಹೋಗಲ್ಲ ನಾನು, ಎರಡು ಕೂಸಿಂದ ಏನೂ ಸಾಬೀತಾಗಲ್ಲ.

ಸ್ಟಾರ್ ಕೊಡಬೇಕಂದ್ರೆ ಕಣ ಹಿಡಿಯೋದಕ್ಕೆ ನಾಲ್ಕು, ಸರ್ವೀಸಿಗೆ ಒಂದು, ನಂಬರ್ ತೋರಿಸೋದಕ್ಕೆ ಐದು. ಬಜೆಟ್ ಇಲ್ದೋರು ಕಮ್ಮಿ ದುಡ್ಡಿಗೆ ಬರೋ, ಕಣ ಅಳೆಯೋ ಬರೀ ಮೀಟರ್ ತಗೊಂಡು ಮನೆಯೆಲ್ಲಾ ಓಡಾಡಿ, ಯಾವುದಕ್ಕೆ ಏರುತ್ತೆ ಅದನ್ನ ನಿಲ್ಸಿ, ಊದುಬತ್ತಿ ಜಾಗಕ್ಕೆ ದೀಪ ಒಂದೇ ಇಡಿ, ಸುರುಳಿ ಬದಲು ಪರದೆ ಕಟ್ಟಿ. ರೂಮು ಚಿಕ್ಕದಿದ್ದು, ಭಟ್ಟಿ ಮಿಲ್ಲು ಹೈವೇ ಪಕ್ಕದಲ್ಲಿದ್ದು, ಕಿಟಕಿ ಮುಚ್ಚಿದ್ರೂ ಮೂಗಿಗೆ ಬರುತ್ತೆ ಅನ್ನೋರು ಆಮೇಲೆ ಮಷಿನ್ ತಗೊಳ್ಳಿ.

ಬಾಣಂತನದಲ್ಲಿ ಇನ್ನೊಂದು ಯುದ್ಧ ಆಯ್ತು. ಕೂಸಿಗೆ ಎಣ್ಣೆ ನೀರು ಹಾಕಿ ಲೋಬಾನದ ಹೊಗೆ ಹಾಕೋದು ಅಜ್ಜಿಯ ಹಕ್ಕು, ಅದನ್ನ ಬಿಡು ಅಂದ್ರೆ ಮನೆ ಬಿಟ್ಟೇ ಹೋಗ್ತೀನಿ ಅಂದ್ಲು. ಮೊದಲನೇ ದಿನ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದ್ದೇ ತಡ, ಮಷಿನ್ 999 ತೋರಿಸಿ ಅಲ್ಲೇ ನಿಂತ್ಬಿಡ್ತು, ಅದಕ್ಕಿಂತ ಮೇಲೆ ಅದರಲ್ಲಿ ಅಂಕಿಯೇ ಇಲ್ಲ. ಅಜ್ಜಿಗೆ ಓದೋಕೆ ಬರಲ್ಲ, ಆದ್ರೂ ಬಗ್ಗಿ ನೋಡಿ "ಮೂರೂ ಒಂದ ಥರ ಅದಾವಲ್ಲ, ಒಳ್ಳೇದಾ" ಅಂದ್ಲು. ಈಗ ಅವಳು ಕೆಂಡದ ಬಟ್ಟಲು ಹಿತ್ಲಲ್ಲೇ ಇಟ್ಟು, ಕೂಸಿನ ಬಟ್ಟೆ ಮಾತ್ರ ಹೊಗೆಗೆ ಹಿಡಿದು, ಚೆನ್ನಾಗಿ ಕೊಡವಿ ಒಳಗೆ ತರ್ತಾಳೆ, ಬಾಗಿಲಲ್ಲಿ ನಿಂತು ಮೊದಲು ಲೈಟ್ ಯಾವ ಬಣ್ಣ ಅಂತ ಕೇಳ್ತಾಳೆ.